ಕಸುಬು: ಇಲ್ಲ

"ಕಾಲು ನೋಡ್ಕೊಂಡು ಇಡೇ ಹಂದಿ. ಇದು ನಿಮ್ಮೂರ ಕೆಸರುಗದ್ದೆ ಅಲ್ಲ."

ತುಳಿದವನು ಅವನು, ಬೈಸಿಕೊಂಡವಳು ಯಿನ್‌ದಿ. ಸರ್ಕಾರದ ಸಮಾಜ ಇಲಾಖೆಯ ಪಾನ್ ಸಾಹೇಬನ ಬೂಟು ಅವಳ ಕಾಲಿನ ಕಿರುಬೆರಳ ಮೇಲೆ ಬಿದ್ದದ್ದು ಆ ಮಧ್ಯಾಹ್ನಕ್ಕೆ ಅದು ಮೂರನೆಯ ಸಲ. ಅವಳು ನಕ್ಕಳು. ನಗುವುದೂ ಕೆಲಸದ ಭಾಗವೇ. "ತಪ್ಪು ನಂದೇ ಸಾಹೇಬ್ರೇ" ಎಂದು ಶಾಂಘೈ ಪೇಟೆಯವರ ನಯದ ಮಾತಿನಲ್ಲೇ ಅಂದಳು. ಆ ಮಾತು ಕಲಿಯಲು ಏಳು ವರ್ಷ ನಾಲಿಗೆ ತಿರುಚಿಕೊಂಡಿದ್ದರೂ, ಇವಳು ನದಿಯಾಚೆಯ ಜಿಯಾಂಗ್‌ಬೈ ಸೀಮೆಯವಳು ಎಂಬುದು ಅವನಿಗೆ ಹೇಗೋ ವಾಸನೆ ಹತ್ತಿತ್ತು. ಆ ಸೀಮೆಯವರು ಈ ಊರಿನಲ್ಲಿ ಹೇಲುಗಾಡಿ ತಳ್ಳುವವರು, ರಿಕ್ಷಾ ಎಳೆಯುವವರು, ಚಾಪೆ ಗುಡಿಸಲಿನಲ್ಲಿ ಹುಟ್ಟಿ ಅಲ್ಲೇ ಸಾಯುವವರು. ಅವರನ್ನು ಹಂದಿ ಅನ್ನಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಬೆಳ್ಳಿಕೊಳ ಎಂಬ ಆ ನೃತ್ಯಶಾಲೆಯಲ್ಲಿ ಮಧ್ಯಾಹ್ನದ ಚಹಾ ಹೊತ್ತಿನ ಕುಣಿತ ನಡೆದಿತ್ತು. ಗೋಡೆಗುಂಟ ಕುರ್ಚಿಗಳ ಸಾಲು, ಕುರ್ಚಿಗೊಬ್ಬ ಹೆಂಗಸು. ಗಂಡಸು ಬಂದು ಟಿಕೆಟ್ ಚಾಚಿದರೆ ಎದ್ದು, ಒಂದು ಹಾಡು ಮುಗಿಯುವ ತನಕ ಅವನ ತೋಳಿನಲ್ಲಿ ಕುಣಿಯಬೇಕು. ಅವನ ಬಾಯಿ ನಾರಿದರೂ ಮುಖ ತಿರುಗಿಸಬಾರದು. ಯಾರೂ ಕರೆಯದೆ ಇಡೀ ಹೊತ್ತು ಕುರ್ಚಿಯಲ್ಲೇ ಕೂತರೆ ಅದಕ್ಕೆ 'ಉಂಡೆ ತಿನ್ನೋದು' ಅನ್ನುತ್ತಿದ್ದರು. ಹೆಜ್ಜೆ ಬಾರದ ದಢಿಯನನ್ನು ನೆಲದ ತುಂಬ ಎಳೆದಾಡುವುದಕ್ಕೆ 'ರಿಕ್ಷಾ ಎಳೆಯೋದು'. ಪಾನ್ ಟಿಕೆಟ್ ಕೊಡುವ ಪೈಕಿ ಅಲ್ಲ, ಶಾಲೆಯ ಪರವಾನಗಿಗೆ ಸಹಿ ಹಾಕುವವನು. ಎರಡು ವರ್ಷದಿಂದ ವಾರಕ್ಕೆರಡು ಮಧ್ಯಾಹ್ನ ಬಂದು ಬಿಟ್ಟಿ ಕುಣಿದು ಹೋಗುತ್ತಿದ್ದ, ಅದೂ ಯಿನ್‌ದಿಯ ಜೊತೆಗೇ.

ಗಂಡಸು ನಡೆಸುತ್ತಾನೆ, ಹೆಂಗಸು ಹಿಂಬಾಲಿಸುತ್ತಾಳೆ ಅನ್ನುವುದು ನೋಡುವವರ ಭ್ರಮೆ. ಅವನ ಭುಜದ ಮೇಲಿಟ್ಟ ಕಿರುಬೆರಳನ್ನು ಯಿನ್‌ದಿ ಒಮ್ಮೆ ಒತ್ತಿದರೆ ಅವನ ಎಡಗಾಲು ಮುಂದೆ ಬರುತ್ತಿತ್ತು, ಎರಡು ಸಲ ಒತ್ತಿದರೆ ತಿರುಗುತ್ತಿದ್ದ. ಹಾಗೆ ಒತ್ತಿ ಒತ್ತಿಯೇ ಅವಳು ಆ ಮರದ ಕೊರಡಿಗೆ ಮೂರು ಬಗೆಯ ಕುಣಿತ ಕಲಿಸಿದ್ದಳು. ಅವನೋ, ತಾನೇ ಹುಟ್ಟು ಕುಣಿತಗಾರ ಅಂದುಕೊಂಡಿದ್ದ.

"ಇನ್ನೆಷ್ಟು ದಿನ ಕುಣೀತೀಯೋ ಕುಣ್ಕೋ" ಎಂದು ಪಾನ್ ಅವಳ ಕಿವಿಯ ಹತ್ತಿರ ನಕ್ಕ. "ಮೇಲಿಂದ ಆದೇಶ ಬಂದಿದೆ. ದೇಶದೊಳಗೇ ಯುದ್ಧ ನಡೀತಿರೋವಾಗ ಊರಲ್ಲಿ ಕುಣಿತ ಯಾಕೆ ಅಂತ. ಎಲ್ಲಾ ಮುಚ್ಚಿಸ್ತೀವಿ. ನಿಮ್ಮನ್ನೆಲ್ಲ ದೋಣಿ ಹತ್ತಿಸಿ ಊರಿಗೆ ಕಳಿಸ್ತೀವಿ."

"ಯುದ್ಧ ಇರೋದೇ ನಮ್ಮೂರಲ್ಲಿ ಸಾಹೇಬ್ರೇ. ಮನೆ ಸುಟ್ಟುಹೋಗಿದೆ. ಅಲ್ಲಿಗೆ ಹೋಗಿ ಏನ್ ಮಾಡ್ಲಿ? ತಾಯಿ ಇದ್ದಾಳೆ, ಐದು ವರ್ಷದ ಮಗಳಿದ್ದಾಳೆ."

"ಅದು ನನ್ನ ಇಲಾಖೆಗೆ ಬರಲ್ಲ."

ಹಾಡು ನಿಂತಿತು. ಅವನು ದನದ ವ್ಯಾಪಾರಿಯ ಹಾಗೆ ಅವಳ ತಿಕದ ಮೇಲೊಂದು ಏಟು ತಟ್ಟಿ, ಕೋಟು ಸರಿಮಾಡಿಕೊಂಡು ಹೊರಟುಹೋದ.

ನಾಲ್ಕೇ ದಿನದಲ್ಲಿ ಅವನ ಮಾತು ನಿಜವಾಯಿತು. ಯಾವ ನೃತ್ಯಶಾಲೆ ಮೊದಲು ಮುಚ್ಚಬೇಕು ಎಂದು ಇಲಾಖೆಯವರು ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿದರಂತೆ, ಮದುವೆಮನೆಯಲ್ಲಿ ಆಟ ಆಡಿದ ಹಾಗೆ. ಮೊದಲ ಚೀಟಿಗಳಲ್ಲೇ ಬೆಳ್ಳಿಕೊಳದ ಹೆಸರು ಬಂತು. ಹೊಸ ವರ್ಷಕ್ಕೆ ಹತ್ತು ದಿನವಿತ್ತು. ಜಪಾನಿಯರು ಊರು ಬಿಟ್ಟುಹೋದ ಮೇಲಿನ ಮೂರನೆಯ ಚಳಿಗಾಲ ಅದು.

ಸುದ್ದಿ ತಂದವನು ಮೇಸ್ತ್ರಿ ಕುವಾಂಗ್. ಹೆಂಗಸರನ್ನು ಕುರ್ಚಿಗೆ ಕೂರಿಸುವವನು, ಎಬ್ಬಿಸುವವನು, ಅವರ ದುಡಿಮೆಯಲ್ಲಿ ಪಾಲು ಹಿಡಿಯುವವನು ಅವನೇ. ಹಿಂದಿನ ಕೋಣೆಗೆ ಬಂದವನು ಅಯ್ಯೋ ಅನ್ನಲಿಲ್ಲ. "ರೇಷ್ಮೆ ಅಂಗಿ ಬಿಚ್ಚಿಡ್ರೇ. ಅವು ನನ್ನವು" ಅಂದ.

ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದ ಸೋಂಗ್ ಅಕ್ಕ ತಲೆ ಎತ್ತಿದಳು. ನಲವತ್ತು ದಾಟಿದವಳು. ವಾರದಲ್ಲಿ ನಾಲ್ಕು ದಿನ ಉಂಡೆಯನ್ನೇ ತಿನ್ನುತ್ತಿದ್ದವಳು. "ಬಾ, ನೀನೇ ಬಿಚ್ಕೊ ಬಾರ್ಲಾ ಗಂಡಸಾದ್ರೆ. ಇಪ್ಪತ್ತು ವರ್ಷ ನಮ್ ಬೆವರು ಕುಡ್ದು ಹೊಟ್ಟೆ ಬೆಳೆಸ್ಕಂಡೆ. ಅಂಗಿ ಬೇಕಂತೆ ಅಂಗಿ!"

ಕುವಾಂಗ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನ ಹಿಂದೆ ಬಾಗಿಲಲ್ಲಿ ತುಪ್ಪಳದ ಕಾಲರಿನ ಹೆಂಗಸೊಬ್ಬಳು ನಿಂತಿದ್ದಳು. ಸ್ತ್ರೀ ಸುಧಾರಣಾ ಸಂಘದವಳು, ಇಲಾಖೆ ಕಳಿಸಿದವಳು. ಕೈಯಲ್ಲಿ ಅರ್ಜಿಗಳ ಕಟ್ಟು. ಕುವಾಂಗ್ ಕುರ್ಚಿ ಎಳೆದ. ಆಕೆ ಕುರ್ಚಿಯನ್ನು ನೋಡಿ, ಕರವಸ್ತ್ರ ಹಾಸಿ, ಅದರ ಅಂಚು ಮೀರದ ಹಾಗೆ ಕೂತಳು.

"ತಂಗಿಯರೇ" ಎಂದು ಶುರುಮಾಡಿದಳು. "ಇಷ್ಟು ದಿನ ಆದದ್ದು ಆಯ್ತು. ಗಂಡಸರ ತೋಳಲ್ಲಿ ಬೀಳೋದು ಕಸುಬಲ್ಲ. ದುಡಿದು ತಿನ್ನೋದ್ರಲ್ಲಿ ಗೌರವ ಇದೆ. ಇಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ಊರಿಗೆ ಹೋಗೋ ದೋಣಿ ಪುಕ್ಕಟೆ. ಕೈಕಾಲು ಗಟ್ಟಿ ಇದ್ದವರಿಗೆ ರೇಷ್ಮೆ ಕಾರ್ಖಾನೆಗೆ ಬೇಕಾದ್ರೆ ಶಿಫಾರಸು ಮಾಡಿಸ್ತೀನಿ."

ಯಿನ್‌ದಿಗೆ ಅಕ್ಷರ ನಾಲ್ಕೈದು ಬರುತ್ತಿದ್ದವು. ಅರ್ಜಿಯಲ್ಲಿ ಹೆಸರಿಗೆ ಜಾಗ ಖಾಲಿ, ಊರಿಗೆ ಜಾಗ ಖಾಲಿ. ಕಸುಬು ಎನ್ನುವ ಕಡೆ ಮಾತ್ರ ಮೊದಲೇ ಅಚ್ಚು ಹಾಕಿಸಿದ್ದರು: ಇಲ್ಲ.

ಅವಳು ಎದ್ದು ಹೋಗಿ ಆಕೆಯ ಮುಂದೆ ನಿಂತು, ಮೊಣಕೈ ತನಕ ಬರುವ ಬಿಳಿ ಕೈಗವಸುಗಳನ್ನು ಒಂದೊಂದೇ ಕಳಚಿದಳು. ಒಳಗಿನ ಕೈಗಳು ಮೊಣಕೈಯಿಂದ ಕೆಳಗೆ ಬೆಂದು ಸುಕ್ಕಾಗಿ, ಅಲ್ಲಲ್ಲಿ ಹೊಳೆಯುತ್ತಿದ್ದವು. ಒಂಬತ್ತನೆಯ ವಯಸ್ಸಿಗೆ ಅವಳನ್ನು ಕಾರ್ಖಾನೆಯಲ್ಲಿ ರೇಷ್ಮೆಗೂಡು ಬೇಯಿಸುವ ಬಾನಿಯ ಮುಂದೆ ನಿಲ್ಲಿಸಿದ್ದರು. ಕುದಿಯುವ ನೀರಿನಿಂದ ಎಳೆಯ ತುದಿ ಹುಡುಕಿ ತೆಗೆಯಬೇಕು. ನಿಧಾನ ಮಾಡಿದರೆ ಮೇಲ್ವಿಚಾರಕಿ ಅದೇ ನೀರನ್ನು ಮೊಗೆದು ತೋಳಿಗೆ ಎರಚುತ್ತಿದ್ದಳು. ಹತ್ತು ವರ್ಷ ಹಾಗೆ ನಿಂತಿದ್ದಳು ಅವಳು.

"ಇದು ಕಾರ್ಖಾನೆ ಕೊಟ್ಟ ಗೌರವ ಅಮ್ಮಾವ್ರೇ. ನೋಡಿ."

ಆಕೆ ಮೂಗಿಗೆ ಕೈ ಅಡ್ಡ ಹಿಡಿದು ಕುವಾಂಗ್‌ನ ಕಡೆ ತಿರುಗಿದಳು. "ಇದು ಅಂಟುರೋಗವೇ?"

ಸೋಂಗ್ ಅಕ್ಕ ಬೋಗುಣಿಯಿಂದ ಕಾಲು ತೆಗೆದು ಬರಿಗಾಲಲ್ಲೇ ನಿಂತಳು.

"ಕಸುಬಲ್ವಂತೆ! ಕೇಳಿಸ್ಕಳ್ಳವ್ವ. ನಾನು ಬಂದಾಗ ಈ ಕುರ್ಚಿಗಳ ಮ್ಯಾಲೆ ದೇಶ ಬಿಟ್ಟು ಬಂದ ರಷ್ಯದ ಬಿಳಿ ಹೆಂಗಸ್ರು ಕೂತಿದ್ರು. ಅವರ ಹೆಜ್ಜೆ ನೋಡ್ಕಂಡು ನೋಡ್ಕಂಡು ಕಲ್ತ್ವಿ. ಒಂದು ಹಾಡಿಗೆ ಒಂದು ಟಿಕೆಟ್ಟು ಅಂತ ಆವಾಗ್ಲೇ ಶುರುವಾಗಿದ್ದು. ಸೇಠುಗಳು ಬಂದ್ರು, ಕುಣುದ್ವಿ. ಜಪಾನಿ ನನ್ಮಕ್ಳು ಬಂದ್ರು, ಕತ್ತಿ ಸೊಂಟದಲ್ಲಿಟ್ಕಂಡೇ ಅಪ್ಪಿದ್ರು, ಕುಣುದ್ವಿ. ಅಮೆರಿಕದ ಹಡಗಿನವ್ರು ಬಂದು ಕಾಲ್ಮೇಲೆ ವಾಂತಿ ಮಾಡಿದ್ರು, ಒರೆಸ್ಕಂಡು ಕುಣುದ್ವಿ. ಯಾವ ಸರ್ಕಾರ ಬಂದ್ರೂ ನಮ್ ಟಿಕೆಟ್ಟಿನ ಮ್ಯಾಲೆ ತೆರಿಗೆ ಕಿತ್ಕಂಡ್ತಲ್ಲ. ತೆರಿಗೆ ತಕಳೋವಾಗ ಕಸುಬು, ಅನ್ನ ಕೇಳ್ದಾಗ ಇಲ್ವಾ?"

ಆಕೆ ಕರವಸ್ತ್ರವನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದುಹೋದಳು. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ, ಯಾರೂ ಅಂಗಿ ಬಿಚ್ಚಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಊರಿನ ನೃತ್ಯಶಾಲೆಗಳಿಂದೆಲ್ಲ ಹೆಂಗಸರು ಬೀದಿಗಿಳಿದರು. ಬಾಜಾದವರು, ಚಹಾ ಕೊಡುವವರು, ನೆಲ ಮೇಣ ತಿಕ್ಕುವವರು ಎಲ್ಲ ಸೇರಿ ಸಾವಿರಗಟ್ಟಲೆ. ಕೊರೆಯುವ ಚಳಿ. ತೆಳ್ಳನೆಯ ರೇಷ್ಮೆಯ ಮೇಲೆ ಹರಕು ಕೋಟು, ಕಾಲಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ. ಅಕ್ಕಪಕ್ಕದ ಅಂಗಡಿಯವರು ಸೀಟಿ ಹೊಡೆದರು. "ಇವತ್ತು ಬಿಟ್ಟಿ ಏನ್ರೇ?" ಅಂದ ಒಬ್ಬ. "ಬಿಟ್ಟಿ ಬೇಕಾದ್ರೆ ನಿಮ್ಮವ್ವನ್ನ ಕೇಳ್ಲಾ" ಎಂದು ಸೋಂಗ್ ಅಕ್ಕ ನಡೆಯುತ್ತಲೇ ಉತ್ತರ ಕೊಟ್ಟಳು.

ಇಲಾಖೆಯ ಕಟ್ಟಡದ ಮೆಟ್ಟಿಲ ಮೇಲೆ ಪಾನ್ ಸಾಹೇಬ ನಿಂತಿದ್ದ. ಎಡಬಲಕ್ಕೆ ಪೊಲೀಸರು, ಮುಂದೆ ಪತ್ರಿಕೆಯವರು, ಕ್ಯಾಮೆರಾಗಳು. ದೊಡ್ಡ ಸಾಹೇಬರು ಊರಲ್ಲಿಲ್ಲ ಎಂದು ಅವನು ಮೂರು ಸಲ ಹೇಳಿಯಾಗಿತ್ತು.

"ಇದು ಸೋಮಾರಿಗಳ ಗಲಾಟೆ" ಎಂದು ಅವನು ಪತ್ರಿಕೆಯವರಿಗೆ ಹೇಳುತ್ತಿದ್ದ. "ಮೈಬಗ್ಗಿಸಿ ದುಡಿಯೋಕೆ ಆಗದೆ ಇರೋ ಹೆಂಗಸರು. ಅಂಥ ಜಾಗಗಳಲ್ಲಿ ಏನ್ ನಡೆಯುತ್ತೆ ಅಂತಾನೂ ನಂಗೊತ್ತಿಲ್ಲ. ನಾನು ಜನ್ಮದಲ್ಲಿ ನೃತ್ಯಶಾಲೆಯ ಹೊಸ್ತಿಲು ತುಳಿದವನಲ್ಲ."

ಯಿನ್‌ದಿ ಮೆಟ್ಟಿಲ ಕೆಳಗೆ ಮೂರನೆಯ ಸಾಲಿನಲ್ಲಿದ್ದಳು. ತುಳಿದವನಲ್ಲವಂತೆ! ಅವಳ ಕಾಲಿನ ಕಿರುಬೆರಳು ಇನ್ನೂ ಊದಿಕೊಂಡಿತ್ತು. ಅವಳು ಎರಡು ಸಾಲು ದಾಟಿ ಮೆಟ್ಟಿಲೇರಿದಳು. ಮನವಿ ಕೊಡಲು ಬಂದಳು ಅಂದುಕೊಂಡ ಪೊಲೀಸರು ದಾರಿ ಬಿಟ್ಟರು. ಅವಳು ಪಾನ್‌ನ ಎಡಗೈ ಹಿಡಿದಳು, ಅವನ ಭುಜದ ಮೇಲೆ ತನ್ನ ಎಡಗೈ ಇಟ್ಟಳು, ಕಿರುಬೆರಳಿಂದ ಒಮ್ಮೆ ಒತ್ತಿದಳು.

ಪಾನ್‌ನ ಎಡಗಾಲು ಮುಂದೆ ಬಂತು.

ಅವನ ಮುಖ ಇನ್ನೂ ಪತ್ರಿಕೆಯವರ ಕಡೆಗಿತ್ತು. ಕಾಲುಗಳು ಮಾತ್ರ ಎರಡು ವರ್ಷದ ಪಾಠ ಒಪ್ಪಿಸುತ್ತಿದ್ದವು. ಇನ್ನೊಂದು ಹೆಜ್ಜೆ, ಮತ್ತೊಂದು. ಎರಡು ಸಲ ಒತ್ತಿದಳು. ಆ ದಢಿಯನ ದೇಹ ಮೆಟ್ಟಿಲ ಅಗಲದಲ್ಲಿ ಚೊಕ್ಕವಾಗಿ ಒಂದು ಸುತ್ತು ತಿರುಗಿತು.

"ಅಯ್ ದೇವ್ರೇ, ಹೆಂಗ್ ಕುಣೀತದೆ ನೋಡ್ರೇ!" ಎಂದು ಸೋಂಗ್ ಅಕ್ಕ ಕಿರುಚಿದಳು. ಕೆಳಗಿದ್ದ ಬಾಜಾದವನೊಬ್ಬ ತುತ್ತೂರಿ ಬಾಯಿಗಿಟ್ಟೇಬಿಟ್ಟ. ಸಾವಿರ ಹೆಂಗಸರು ಒಟ್ಟಿಗೆ ನಕ್ಕ ಸದ್ದಿಗೆ ಕಚೇರಿಯ ಗುಮಾಸ್ತರೆಲ್ಲ ಕಿಟಕಿಗೆ ಬಂದರು. ಕ್ಯಾಮೆರಾಗಳು ಚಿಟಿಚಿಟಿ ಅಂದವು.

"ಇವನ್ನ ಎರಡು ವರ್ಷದಿಂದ ಬಿಟ್ಟಿ ಎಳೀತಿವ್ನಿ ಕಣ್ರಪ್ಪಾ!" ಎಂದು ಯಿನ್‌ದಿ ಕೂಗಿದಳು. ನಯದ ಮಾತು ಎಲ್ಲೋ ಬಿದ್ದುಹೋಗಿತ್ತು, ಅವಳ ಸೀಮೆಯ ಮಾತೇ ಬಾಯಿಗೆ ಬಂದಿತ್ತು. "ಬರ್ಕಳಿ! ರಿಕ್ಷಾ ಎಳೆಯೋದು ಕಸುಬಾದ್ರೆ ಇದೂ ಕಸುಬೇ!"

ಪಾನ್ ಕೈ ಕಿತ್ತುಕೊಂಡು ಅವಳ ದವಡೆಗೆ ಹೊಡೆದ. ಆ ಮೇಲೆ ನಡೆದದ್ದನ್ನು ಯಾರೂ ತಡೆಯುವ ಹಾಗಿರಲಿಲ್ಲ. ಲಾಠಿಗಳು ಇಳಿದವು. ಹೆಂಗಸರು ಹಿಮ್ಮಡಿ ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡರು. ಮೆಟ್ಟಿಲೇರಿ ಒಳನುಗ್ಗಿ ಕಿಟಕಿಗಾಜು ಒಡೆದರು, ಮೇಜು ಉರುಳಿಸಿದರು, ಅಚ್ಚು ಹಾಕಿಸಿದ್ದ ಆ ಅರ್ಜಿಗಳ ಕಟ್ಟುಗಳನ್ನು ಎರಡನೇ ಅಂತಸ್ತಿನಿಂದ ಬೀದಿಗೆ ಸುರಿದರು. ಪಾನ್ ಪಾಯಿಖಾನೆಗೆ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡ. ಸೋಂಗ್ ಅಕ್ಕನ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅಷ್ಟರಲ್ಲಿ ಲಾರಿಗಳಲ್ಲಿ ಇನ್ನಷ್ಟು ಪೊಲೀಸರು ಬಂದರು.

ಸಂಜೆಗೆ ಠಾಣೆಯ ಮೊಗಸಾಲೆಯಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಸಾಲು ಬಾಗಿಲು ದಾಟಿ, ಅಂಗಳ ದಾಟಿ, ಬೀದಿಯ ತನಕ ಹೋಗಿತ್ತು. ಬಹಳ ಜನರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊದಲು ನಿಂತವಳು ಯಿನ್‌ದಿ. ಅವಳ ತುಟಿ ಸೀಳಿತ್ತು. ಮೇಜಿನ ಹಿಂದೆ ಗುಮಾಸ್ತ ಬರೆಯುವ ಕುಂಚವನ್ನು ಮಸಿಯಲ್ಲಿ ಅದ್ದಿದ.

"ಹೆಸರು?"

"ಯಿನ್‌ದಿ."

"ಊರು?"

"ಜಿಯಾಂಗ್‌ಬೈ."

ಅವನು ಮುಂದಿನದನ್ನು ಕೇಳಲಿಲ್ಲ. ತಾನೇ ಬರೆದುಕೊಳ್ಳುತ್ತ ಬಾಯಲ್ಲಿ ಗೊಣಗಿದ, "ಕಸುಬು ಇಲ್ಲ." ಕಾಗದ ತಿರುಗಿಸಿ ಮಸಿಯ ಬಟ್ಟಲನ್ನು ಅವಳ ಕಡೆ ತಳ್ಳಿದ. "ಒತ್ತು. ನಾಳೆ ಬೆಳಗ್ಗೆ ದೋಣಿ."

"ಕಸುಬು ಡಾನ್ಸು."

"ಅದು ಪಟ್ಟೀಲಿಲ್ಲ."

"ಪಟ್ಟೀಗೆ ಸೇರಿಸು."

"ಏಯ್, ಜಾಸ್ತಿ ಮಾತಾಡ್ಬೇಡ. ಬೇಕಾದ್ರೆ ಸೂಳೆ ಅಂತ ಬರೀತೀನಿ. ಅದಕ್ಕೆ ಜಾಗ ಇದೆ."

"ಆ ಕೆಲಸ ಮಾಡಿದ್ರೆ ಅದ್ನೇ ಬರ್ಸ್ತಿದ್ದೆ, ನನಗೇನ್ ನಾಚ್ಕೆ ಇಲ್ಲ. ನಾನು ಮಾಡಿದ್ದು ಡಾನ್ಸು. ಏಳು ವರ್ಷ. ಅದರಲ್ಲೇ ಮಗಳಿಗೆ ಗಂಜಿ ಕುಡಿಸಿವ್ನಿ. ಬರಿ."

ಗುಮಾಸ್ತ ಕಣ್ಸನ್ನೆ ಮಾಡಿದ. ಹಿಂದಿದ್ದ ಪೇದೆ ಅವಳ ಮುಂಗೈ ಹಿಡಿದು ಹೆಬ್ಬೆರಳನ್ನು ಮಸಿಗೆ ಅದ್ದಲು ಬಗ್ಗಿಸಿದ. ಯಿನ್‌ದಿ ಇನ್ನೊಂದು ಕೈಯಿಂದ ಮೇಜಿನ ಮೇಲಿನ ಕಾಗದ ಎಳೆದುಕೊಂಡು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಪೇದೆ ಅವಳ ದವಡೆ ಅಮುಕಿದ. ಅವಳು ಅವನ ಬೆರಳು ಕಚ್ಚಿದಳು. ಅವನು ಅಮ್ಮಾ ಎಂದು ಹಿಂದೆ ಸರಿದ. ಒಣಗದ ಮಸಿ ತುಟಿಯಿಂದ ಗಲ್ಲಕ್ಕೆ ಇಳಿಯಿತು. ಅವಳು ಗುಮಾಸ್ತನ ಕಣ್ಣನ್ನೇ ನೋಡುತ್ತ ಅಗಿಯತೊಡಗಿದಳು.

ಅವಳನ್ನು ಗೋಡೆಗೆ ನೂಕಿದರು. ಗುಮಾಸ್ತ ಇನ್ನೊಂದು ಕಾಗದ ತೆಗೆದ.

"ಮುಂದೆ. ಹೆಸರು?"

"ಸೋಂಗ್ ಕ್ವೈಫೆನ್."

"ಊರು?"

"ಈ ಊರೇ."

ಅವನು ಕುಂಚ ಅದ್ದಿ ಕಾಗದದ ಮೇಲಕ್ಕೆ ತಂದ. ಹಣೆಗೆ ಚಿಂದಿ ಕಟ್ಟಿಕೊಂಡಿದ್ದ ಸೋಂಗ್ ಅಕ್ಕ ಎರಡೂ ಕೈ ಮೇಜಿನ ಮೇಲೆ ಊರಿ ಕಾಗದದ ಕಡೆ ಬಗ್ಗಿದಳು. ಅವಳ ಹಿಂದಿನವಳೂ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಹಿಂದಿನವಳೂ ಬಂದಳು.

"ನಂಗೆ ಬೆಳಗಿನಿಂದ ಹಸಿವು ಕಣಪ್ಪ" ಎಂದಳು ಸೋಂಗ್ ಅಕ್ಕ. "ಎಷ್ಟು ಕಾಗದ ಇಟ್ಟಿದೀಯ?"

ಗುಮಾಸ್ತ ಒಮ್ಮೆ ಕಟ್ಟನ್ನು ನೋಡಿದ, ಒಮ್ಮೆ ಬಾಗಿಲಾಚೆಗಿನ ಸಾಲನ್ನು ನೋಡಿದ. ಕುಂಚದ ತುದಿಯಿಂದ ಮಸಿ ತೊಟ್ಟಿಕ್ಕಿತು. ಅವನು ಇನ್ನೂ ಏನನ್ನೂ ಬರೆದಿರಲಿಲ್ಲ.