ಮೂರನೆಯ ತಟ್ಟು

ವಿಮಾನದ ಬಾಲದೊಳಗೆ ಯಾರು ನುಗ್ಗಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಿಡ್ಡಿಯಾಗಿ ಹುಟ್ಟಿದ್ದು ನನ್ನ ತಪ್ಪೇ? ನಾಗಪುರದ ಬೇಸಿಗೆಯಲ್ಲಿ ಆ ತಗಡಿನ ಹೊಟ್ಟೆಯೊಳಗೆ ಕೂತು ನೋಡಬೇಕು, ಒಲೆ ಮೇಲಿನ ಕಾವಲಿಯೇ ವಾಸಿ ಅನ್ನಿಸುತ್ತದೆ.

ಹಾರಾಟ ಮುಗಿಸಿದ ಹಳೆಯ ವಿಮಾನವೊಂದನ್ನು ನಮ್ಮ ತರಬೇತಿ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಅದರ ಮೈಗೆ ತಗಡಿನ ತೇಪೆ ಹಾಕಿ ರಿವೆಟ್ ಮೊಳೆ ಹೊಡೆಯುವುದು ನಮ್ಮ ಪಾಠ. ಹೊರಗೆ ನನ್ನ ಜೊತೆಗಾತಿ ದೀಪಾಲಿ ಮೇಶ್ರಾಮ್, ನನ್ನ ಬಾಯಲ್ಲಿ ದೀಪಾಲಿತಾಈ, ಅಂದರೆ ದೀಪಾಲಿ ಅಕ್ಕ, ರಿವೆಟ್ ಗನ್ ಹಿಡಿದು ಹೊಡೆಯುತ್ತಿದ್ದಳು. ಒಳಗೆ ನಾನು ರಿವೆಟ್ಟಿನ ತುದಿ ನೇರವಾಗಿ ಚಪ್ಪಟೆಯಾಗಲಿ ಎಂದು ಅದಕ್ಕೆ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಿದ್ದೆ. ಒಬ್ಬರ ಮುಖ ಒಬ್ಬರಿಗೆ ಕಾಣದು, ಆ ಗದ್ದಲದಲ್ಲಿ ಕೂಗಿದರೂ ಕೇಳದು. ತಟ್ಟುವುದೇ ಮಾತು. ಒಳಗಿನಿಂದ ಒಂದು ಸಲ ತಟ್ಟಿದರೆ ಸರಿಯಾಗಿದೆ ಎಂದರ್ಥ. ಎರಡು ತಟ್ಟಿದರೆ ಇನ್ನಷ್ಟು ಹೊಡಿ. ಮೂರು ತಟ್ಟಿದರೆ ಕೆಟ್ಟಿತು, ಕಿತ್ತು ಹಾಕು.

ತಾಈ ನನಗಿಂತ ಏಳು ವರ್ಷ ದೊಡ್ಡವಳು, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದವಳು. "ನನ್ನ ಹೊಲಿಗೆ ಹುಡುಗರ ಬೆನ್ನ ಮೇಲೆ ಓಡಾಡಿದ್ದು ಸಾಕು, ಇನ್ನು ಆಕಾಶದಲ್ಲಿ ಓಡಾಡ್ಲಿ" ಎಂದು ಇಲ್ಲಿಗೆ ಸೇರಿದ್ದಳು. ದಿನಾ ತನ್ನ ಡಬ್ಬಿಯ ತರ್ರಿ ಪೋಹೆಯಲ್ಲಿ, ಅದೇ ಖಾರದ ಸಾರು ಸುರಿದ ಅವಲಕ್ಕಿಯಲ್ಲಿ, ಅರ್ಧ ನನಗೆ. "ತಿನ್ನೇ ಇಲಿಮರಿ. ಆದ್ರೆ ದಪ್ಪ ಆಗ್ಬೇಡ, ಆಮೇಲೆ ಒಳಗೆ ಯಾರನ್ನ ತೂರಿಸ್ಲಿ?"

ಅವಳು ರಿವೆಟ್ ಹೊಡೆದರೆ ಸಾಲು ಹೊಲಿಗೆಯಷ್ಟು ನೇರ. ಆದರೆ ಕೆಟ್ಟ ರಿವೆಟ್ಟನ್ನು ಡ್ರಿಲ್ ಹಾಕಿ ಕೀಳುವಾಗ ಕೈ ನಡುಗುತ್ತಿತ್ತು. ಡ್ರಿಲ್ ಜಾರಿ ತೂತು ಅಗಲವಾಗಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದಿದ್ದಳು. ಮೂರನೆಯ ಸಲವೂ ಬಿದ್ದರೆ ಹೆಸರು ತೆಗೆಯುತ್ತಾರೆ, ಮತ್ತೆ ಹೊಲಿಗೆ ಯಂತ್ರವೇ ಗತಿ.

ಆ ಮೂರನೆಯ ಸಲ ಹೊರಗೆ ನಮಗೆ ಪಾಠ ಹೇಳುವ ಇಂಗಳೆ ಸರ್ ಕೈಕಟ್ಟಿ ನಿಂತಿದ್ದರು. ಒಂದೊಂದಕ್ಕೂ ನಾನು ಖುಷಿಯಿಂದ ಒಂದೊಂದೇ ತಟ್ಟುತ್ತಾ ಹೋದೆ. ಕೊನೆಯದು ಮೂಲೆಯದು. ಗನ್ ಜಾರಿತೋ, ಬೆವರಿಗೆ ನನ್ನ ಗಟ್ಟಿಯೇ ಜಾರಿತೋ, ತುದಿ ಸೊಟ್ಟಗೆ ಮಡಚಿಕೊಂಡಿತು. ಹೊರಗಿನಿಂದ ಗೊತ್ತಾಗುವುದಿಲ್ಲ. ಸರ್ ಒಳಗೆ ಕನ್ನಡಿ ಹಿಡಿದು ನೋಡಿದರೂ ಆ ಮೂಲೆ ಕಾಣುವುದಿಲ್ಲ. ನೋಡಿದವಳು ನಾನೊಬ್ಬಳೇ.

ಅಯ್ಯೋ ದೇವರೇ, ಇದನ್ನು ನನ್ನ ಕಣ್ಣಿಗೇ ಯಾಕೆ ಬೀಳಿಸಿದೆ?

ಒಂದು ತಟ್ಟಿದೆ. ಎರಡನೆಯದು ತಟ್ಟಿದೆ. ಕೈ ಅಲ್ಲೇ ನಿಂತಿತು. ಮೂರಾದರೆ ಅವಳು ಡ್ರಿಲ್ ಹಿಡಿಯಬೇಕು. ಕಣ್ಣು ಮುಚ್ಚಿ ಮೂರನೆಯದನ್ನೂ ತಟ್ಟಿದೆ.

ಹೊರಗೆ ಡ್ರಿಲ್ ಗುಂಯ್‌ಗುಟ್ಟಿತು. ತಗಡು ಅದುರದಿರಲಿ ಎಂದು ಒಳಗಿನಿಂದ ಎರಡೂ ಅಂಗೈ ಒತ್ತಿ ಹಿಡಿದೆ. "ನಿಧಾನ ತಾಈ, ನಿಧಾನ" ಎಂದು ಒಬ್ಬಳೇ ಗೊಣಗುತ್ತಿದ್ದೆ. ಕೊನೆಗೆ ರಿವೆಟ್ಟಿನ ಚೂರು ಬಿಸಿಬಿಸಿಯಾಗಿ ನನ್ನ ಮಡಿಲಿಗೆ ಬಿತ್ತು. ತೂತಿನಿಂದ ಬೆಳಕು ಬಂತು, ಬಳೆಯ ಹಾಗೆ ದುಂಡಗೆ. ಹೊಸ ರಿವೆಟ್ ಕೂತಿತು. ನಾನು ಒಂದೇ ತಟ್ಟಿದೆ.

ಸರ್ ಎಲ್ಲವನ್ನೂ ಸವರಿ ನೋಡಿದರು. "ಮೇಶ್ರಾಮ್, ಇನ್ಮೇಲೆ ಪರೀಕ್ಷೆ ಅಂತ ನನ್ನ ತಲೆ ತಿನ್ನೋಕೆ ಬರಬೇಡಮ್ಮ. ಪಾಸು" ಎಂದದ್ದು ಒಳಗೆ ನನಗೂ ಕೇಳಿಸಿತು.

ತಾಈ ನನ್ನನ್ನು ಹೊರಗೆಳೆದು ಕಿವಿ ಹಿಂಡಿದಳು. "ಎರಡು ತಟ್ಟಿ ನಿಂತ್ಯಲ್ಲೇ ಕತ್ತೆ!"

"ಕೈ ಬರಲಿಲ್ಲ ತಾಈ."

"ಎರಡಕ್ಕೆ ನಾನು ಮತ್ತೆ ಗನ್ ಒತ್ತಬೇಕಿತ್ತು ತಾನೇ? ಒತ್ತಲಿಲ್ಲ. ಅದು ಕೆಟ್ಟಿದ್ದು ನನ್ನ ಕೈಗೆ ಆಗ್ಲೇ ಗೊತ್ತಾಗಿತ್ತು. ನನ್ನ ಮೇಲಿನ ಪ್ರೀತಿಗೆ ನೀನು ಮೂರನೆಯದನ್ನ ತಟ್ಟದೆ ಅಲ್ಲಿಗೇ ಬಿಟ್ಬಿಡ್ತೀಯೇನೋ ಅಂತ ಹೆದರಿದ್ದೆ."

"ಬಿಟ್ಟಿದ್ರೆ?"

"ನಾಳೆಯಿಂದ ನಿನ್ನ ತಟ್ಟನ್ನ ಹೇಗೇ ನಂಬ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಅವಳು ತನ್ನ ಓಢಣಿಯ ಸೆರಗಿನಿಂದ ನನ್ನ ಮುಖದ ಮಸಿ, ಬೆವರು, ಕಣ್ಣೀರು ಎಲ್ಲವನ್ನೂ ಒರೆಸಿದಳು. ಆಮೇಲೆ ನನ್ನ ಬೆನ್ನ ಮೇಲೆ ಒಂದೇ ಒಂದು ಸಲ ತಟ್ಟಿದಳು.