ಡಾಕ್ಟರು ಹೇಳಿದ ದಿನಗಳು

“ಗಂಡನ ಜೊತೆ ಸೇರಿದಾಗ ನೋವಾಗುತ್ತಾ?” ಎಂದು ದುರ್ಗಾಂಬಿಕಾ ಕೇಳಿದಾಗ ನಿಂಗರಾಜ್ ಕಿಟಕಿಯ ಕಡೆ ಮುಖ ತಿರುಗಿಸಿದ.

ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಎಂಡೊಮೆಟ್ರಿಯೋಸಿಸ್ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು ತಿಂಗಳು ತಿಂಗಳೂ ಹೊಟ್ಟೆ ಹಿಂಡುವ ಕಾಯಿಲೆ. ಮಗು ಆಗದಿರುವುದಕ್ಕೂ ಅದೇ ಕಾರಣವಿರಬಹುದು ಎಂದು ಅವನ ಹೆಂಡತಿ ಚೌಡೇಶ್ವರಿಗೆ ಡಾಕ್ಟರು ಹೇಳಿದ್ದರು. ಚಿಕಿತ್ಸೆಗೆ ಬರುವ ಹೆಂಗಸರನ್ನು ಮಾತಾಡಿಸಿ ವಿವರ ಕೇಳುವುದು ದುರ್ಗಾಂಬಿಕಾಳ ಕೆಲಸ. ಬೇಕಾದರೆ ಹೊರಗಿರಿ ಎಂದು ಆಕೆ ಮೊದಲೇ ಹೇಳಿದ್ದಳು. “ಇರ್ಲಿ ಬಿಡ್ರಿ, ಮುಚ್ಚಿಡೋದು ಏನೈತೆ” ಎಂದು ಕೂತವನು ಅವನೇ.

“ಆಗ್ತೈತ್ರಿ,” ಎಂದಳು ಚೌಡೇಶ್ವರಿ, ಊರಿನ ಹೆಸರು ಹೇಳಿದಷ್ಟೇ ಸಲೀಸಾಗಿ. “ಮದುವೆ ಆದಾಗಿಂದ್ಲೂ. ಒಳಗೆ ಚಾಕು ಆಡಿಸ್ದಂಗೆ.”

“ಇವರಿಗೆ ಹೇಳಿದೀರಾ?”

“ಇಲ್ರಿ. ಹೇಳಿದ್ರೆ ಬಿಟ್ಬಿಡ್ತಿದ್ರು. ಬಿಟ್ರೆ ಮಗು ಹೆಂಗಾಗ್ತೈತೆ?”

ನ್ಯಾಮತಿಯಲ್ಲಿ ನಿಂಗರಾಜ್‌ನದು ಮೋಟಾರ್ ವೈಂಡಿಂಗ್ ಅಂಗಡಿ. ಸ್ಕ್ಯಾನ್ ನೋಡಿ ಡಾಕ್ಟರು ಇಂಥಿಂಥ ದಿನ ಸೇರುವುದನ್ನು ತಪ್ಪಿಸಬೇಡಿ ಎಂದರೆ, ಆ ದಿನ ಬೇಗ ಶಟರ್ ಎಳೆದು ಹತ್ತಿರದ ಹಳ್ಳಿ ಗೋವಿನಕೋವಿಯ ಮನೆಗೆ ಬರುತ್ತಿದ್ದ. “ಇವತ್ತು ಡಾಕ್ಟ್ರು ಹೇಳಿದ ದಿನ” ಎಂದು ನೆನಪಿಸುತ್ತಿದ್ದವನೂ ಅವನೇ. ಅವಳು ಹ್ಞೂಂ ಅನ್ನುತ್ತಿದ್ದಳು.

ಅವನಿಗೇನೂ ಗೊತ್ತಿರಲಿಲ್ಲವೆ? ಕಂಬಳಿಯ ಅಂಚನ್ನು ಹಿಡಿದ ಅವಳ ಮುಷ್ಟಿ, ಬಿಗಿಹಿಡಿದ ಉಸಿರು, ಒಮ್ಮೆ ಕೈಗೆ ತಾಗಿದ ಒದ್ದೆ ಕೆನ್ನೆ. ಕೇಳಬೇಕು ಎಂದುಕೊಂಡೇ ಸುಮ್ಮನಾಗಿದ್ದ. ಈಗ ಅವಳ ನೋವಿಗಿಂತಲೂ, ‘ಬಿಟ್ಬಿಡ್ತಿದ್ರು’ ಎಂದು ಅವಳು ತನ್ನ ಮೇಲೆ ಇಟ್ಟ ನಂಬಿಕೆಯೇ ಅವನನ್ನು ಹೆಚ್ಚು ಸುಟ್ಟಿತು.

ಊರಿಗೆ ಮರಳುವಾಗ ಹೊನ್ನಾಳಿಯಲ್ಲಿ ಇಳಿದು ನ್ಯಾಮತಿ ಬಸ್ಸಿಗೆ ಕಾಯುವಾಗ ಅವನೇ ಬಾಯಿಬಿಟ್ಟ. “ಇನ್ಮೇಲೆ ಡಾಕ್ಟ್ರು ಹೇಳಿದ ದಿನ ಅಂತ ಏನೂ ಬ್ಯಾಡ. ಮೊದ್ಲು ನೋವಿನ ಮಾತ್ರೆ ಶುರು ಮಾಡು.”

ಆ ಹಾರ್ಮೋನ್ ಮಾತ್ರೆಯಿಂದ ನೋವು ಇಳಿಯುತ್ತದೆ, ಆದರೆ ಅದನ್ನು ತಗೊಳ್ಳುವಷ್ಟು ಕಾಲ ಬಸಿರಾಗುವುದಿಲ್ಲ ಎಂದು ಡಾಕ್ಟರು ಇಬ್ಬರಿಗೂ ತಿಳಿಸಿದ್ದರು.

“ನೋಡಿದ್ರಾ? ಇದಕ್ಕೇ ನಾನು ಹೇಳಿರ್ಲಿಲ್ಲ,” ಎಂದು ಚೌಡೇಶ್ವರಿ ಸಿಡುಕಿದಳು. “ಇಷ್ಟು ದಿನ ನೋವು ತಿಂದೋಳು ನಾನು. ಬೇಕು ಬ್ಯಾಡ ಅನ್ನಾಕೆ ಮಾತ್ರ ನೀವೊಬ್ರೇನಾ?”

ಅವನು ತಲೆ ತಗ್ಗಿಸಿದ. “ನಂಗೊತ್ತಿತ್ತು.”

“ಏನು?”

“ನಿಂಗೆ ನೋವಾಗ್ತೈತೆ ಅಂತ. ಕೇಳಿದ್ರೆ ಬಿಡ್ಬೇಕಾಗ್ತೈತಲ್ಲ ಅಂತ ಕೇಳ್ಲಿಲ್ಲ.”

ಚೌಡೇಶ್ವರಿ ಅವನನ್ನೇ ನೋಡಿದಳು, ಯಾರೋ ಹೊಸಬನನ್ನು ನೋಡುವಂತೆ. ಅಷ್ಟರಲ್ಲಿ ಬಸ್ಸು ಬಂತು. ಅವನು ಕೈ ಚಾಚಿದರೂ ಹಿಡಿಯದೆ, ಹೊಟ್ಟೆ ಒತ್ತಿಕೊಂಡು ತಾನೇ ಹತ್ತಿದಳು. ಕಿಟಕಿಯ ಪಕ್ಕ ಕೂತು ಚೀಲವನ್ನು ಮಗ್ಗುಲಿನ ಸೀಟಿನ ಮೇಲಿಟ್ಟಳು.

ನಿಂಗರಾಜ್ ಕಂಬಿ ಹಿಡಿದು ನಿಂತ.

“ಹಿಂದೆ ಖಾಲಿ ಐತಲ್ರಿ, ಕುತ್ಕಳ್ರಿ,” ಎಂದ ಕಂಡಕ್ಟರ್. ಅವನು ಕದಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ಕಡೆ ಬಗ್ಗಿ, “ಇಲ್ಲಿ ಕುತ್ಕಳ್ಲಾ?” ಎಂದು ಕೇಳಿದ.

ಅವಳು ಹೊರಗೆ ನೋಡುತ್ತಲೇ ಇದ್ದಳು. ಬಸ್ಸು ಊರು ದಾಟಿ ಗದ್ದೆಗಳ ನಡುವೆ ಬಂದ ಮೇಲೆ, ಈ ಕಡೆ ತಿರುಗದೆಯೇ, ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.