ಕುದಿಯದ ಸುಣ್ಣ

ಸುಣ್ಣದ ವಿಷಯದಲ್ಲಿ ಬಾಬುಲಾಲನಿಗೆ ಬುದ್ಧಿ ಹೇಳುವ ಗಂಡು ಗೊಳಸಂಗಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ಅವನದೇ ಮಾತು. ಮಸೀದಿ, ಶಾಲೆ, ಗೌಡರ ವಾಡೆ, ಎಲ್ಲದರ ಗೋಡೆಗೂ ನಲವತ್ತು ವರ್ಷ ಸುಣ್ಣ ಬಳಿದ ಕೈ ಅದು. ಹದಿನಾರರ ವಯಸ್ಸಿನಲ್ಲಿ ಸುಣ್ಣದ ಹರಳು ತುಂಬಿದ ಗುಂಡಿಗೆ ಅವಸರದಿಂದ ನೀರು ಸುರಿದಿದ್ದ. ಕೊತಕೊತ ಕುದ್ದು ಸಿಡಿದ ಸುಣ್ಣ ಮೊಣಕೈವರೆಗೆ ಚರ್ಮ ಕಿತ್ತಿತ್ತು. ಆ ಕಲೆಯನ್ನು ಎತ್ತಿ ತೋರಿಸಿ, "ಸುಣ್ಣಕ್ಕ ನೀರು ಅಂದ್ರ ಬೆಂಕಿ, ತಿಳೀತಿಲ್ಲೋ?" ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದ. ಈಗ ಯಾರಿಗೆ ಬೇಕು ಸುಣ್ಣ? ಎಲ್ಲರಿಗೂ ಡಬ್ಬಿಯ ಬಣ್ಣವೇ ಆಗಬೇಕು. ಬಾಬುಲಾಲನಿಗೆ ಉಳಿದದ್ದು ತಂಬಾಕಿನ ಜೊತೆ ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ಚಿಟಿಕೆ ಸುಣ್ಣವಷ್ಟೇ.

ಆ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ತಂಬಾಕು ಹಾಕಿಕೊಂಡವನು ಸುಣ್ಣದ ಪ್ಲಾಸ್ಟಿಕ್ ಪಾಕೀಟನ್ನು ಅಲ್ಲೇ ಮರೆತ. ಅದು ಎರಡು ವರ್ಷದ ಮೊಮ್ಮಗ ಅಫ್ರೋಜನ ಕೈಗೆ ಸಿಕ್ಕಿತು. ಸಿಕ್ಕಿದ್ದನ್ನು ಹಿಚುಕದೆ ಬಿಡುವ ಹುಡುಗನೇ ಅಲ್ಲ ಅವನು. ಮುಖದ ಹತ್ತಿರ ಹಿಡಿದು ಎರಡೂ ಕೈಯಿಂದ ಹಿಚುಕಿದ. ಪಾಕೀಟು ಒಡೆದು ಸುಣ್ಣವೆಲ್ಲ ಬಲಗಣ್ಣಿಗೆ ಹೊಡೆಯಿತು. ಅದನ್ನು ಒರೆಸಲು ಹೋಗಿ ಎಡಗಣ್ಣಿಗೂ ಹಚ್ಚಿಕೊಂಡ. ಆಮೇಲೆ ಅವನು ಚೀರಿದ ಚೀರಾಟ, ಅಯ್ಯೋ ದೇವರೇ, ಯಾವ ಮನೆಯವರ ಕಿವಿಗೂ ಬೀಳಬಾರದು.

ಸೊಸೆ ಶಾಹಿಸ್ತಾ ಒಳಗಿನಿಂದ ತುಂಬಿದ ತಂಬಿಗೆ ಹಿಡಿದೇ ಓಡಿಬಂದಳು. ಹೋದ ತಿಂಗಳಷ್ಟೇ ಅಂಗನವಾಡಿಯ ವಸುಧಾ ಟೀಚರ್ ತಾಯಂದಿರನ್ನು ಕೂಡಿಸಿ ಹೇಳಿದ್ದರು: ಕೂಸಿನ ಕಣ್ಣಿಗೆ ಸುಣ್ಣವೇ ಬೀಳಲಿ, ಸಾಬೂನೇ ಬೀಳಲಿ, ಮೊದಲು ನೀರು. ಅರ್ಧ ತಾಸು ಬಿಡದೆ ನೀರು. ಆಮೇಲೆ ದವಾಖಾನೆ.

ಬಾಬುಲಾಲ ಅವಳ ಮಣಿಕಟ್ಟನ್ನು ಗಪ್ಪನೆ ಹಿಡಿದ. "ಏ ಹುಚ್ಚಿ! ಸುಣ್ಣಕ್ಕ ನೀರು ಹಾಕ್ತಿಯೇನು? ಕಣ್ಣು ಕುದ್ದು ಹೋಗ್ತಾವು!"

"ಟೀಚರ್ ಹೇಳ್ಯಾರ್ರಿ ಮಾವಾ, ನೀರ ಹಾಕಬೇಕಂತ…"

"ನಿಮ್ಮ ಟೀಚರ್ ಎಷ್ಟು ಗುಂಡಿ ಸುಣ್ಣ ಕಲಸ್ಯಾಳ?"

ಅವಳು ಕೊಸರಿಕೊಂಡಳು. ಅವನು ಬಿಡಲಿಲ್ಲ. ತಂಬಿಗೆ ಉರುಳಿ ನೀರೆಲ್ಲ ಅಂಗಳದ ಪಾಲಾಯಿತು. ಅವನ ಹೆಂಡತಿ ಲಾಲಬಿ ತಂದ ಔಡಲ ಎಣ್ಣೆಯನ್ನು ಕಣ್ಣಿಗೆ ಬಿಟ್ಟು, ಮೇಲೊಂದು ಬಟ್ಟೆ ಕಟ್ಟಿದರು. ಟಂಟಂ ಆಟೋ ಓಡಿಸುವ ಮಗ ತಬ್ರೇಜ ಬಾಗೇವಾಡಿಯಿಂದ ಬರುವವರೆಗೆ ಕೂಸು ಹಾಗೆಯೇ ಒದ್ದಾಡಿತು. ನೀರಿನ ಕೊಡಗಳು ಮೂರು ಮಾರು ದೂರದಲ್ಲೇ ತುಂಬಿ ನಿಂತಿದ್ದವು.

ಬಾಗೇವಾಡಿಯ ದವಾಖಾನೆಯಲ್ಲಿ ಬಟ್ಟೆ ಬಿಚ್ಚಿದವರೇ ಮೊದಲು ಮಾಡಿದ್ದು ಕಣ್ಣಿಗೆ ನೀರು ಬಿಟ್ಟದ್ದು. ಬಾಬುಲಾಲ ಬಾಗಿಲಲ್ಲಿ ನಿಂತು ನೋಡಿದ. ಏನೂ ಕುದಿಯಲಿಲ್ಲ. ಅಲ್ಲಿಂದ ವಿಜಯಪುರಕ್ಕೆ ಕಳಿಸಿದರು.

ವಿಜಯಪುರದ ಕಣ್ಣಿನ ಡಾಕ್ಟರಮ್ಮ ನೋಡಿದವರೇ ಕೇಳಿದರು, "ಬಿದ್ದ ಕೂಡಲೇ ನೀರು ಹಾಕಿದ್ರೇನು?"

ತಬ್ರೇಜ ಹೆಂಡತಿಯ ಮೇಲೆ ಹರಿಹಾಯ್ದ. "ಮನಿ ತುಂಬ ನೀರಿತ್ತಲ್ಲ! ನೀ ಏನ್ ಮಾಡಾಕತ್ತಿದ್ದಿ? ತಾಯಿ ಅದಿಯೋ ಏನ್ ಅದಿಯೋ?" ಶಾಹಿಸ್ತಾ ತಲೆ ಎತ್ತಲಿಲ್ಲ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತಿತ್ತು. ಅದರ ಮೇಲೆ ಸೆರಗು ಎಳೆದುಕೊಂಡಳು.

ಬಾಬುಲಾಲ ಅದನ್ನು ಕಂಡ. ಸುಮ್ಮನಿದ್ದರೆ ಸುಮ್ಮನೇ ಮುಗಿದುಹೋಗುತ್ತಿತ್ತು, ಸೊಸೆ ಬಾಯಿ ಬಿಡುವವಳಲ್ಲ. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಕೆಯಾಯಿತು.

"ಆಕಿಗೆ ಅನಬ್ಯಾಡೋ ತಬ್ರೇಜಾ. ಆಕಿ ನೀರು ತಂದಿದ್ಲು. ನಾನ ಕೈ ಹಿಡದೆ. ನೀರು ಬಿದ್ರ ಕುದಿತೈತಿ ಅಂದೆ."

"ಕುದಿಯೋದು ಹರಳು ಸುಣ್ಣ ಅಜ್ಜಾರ. ಪಾಕೀಟಿಂದು ಮೊದಲ ನೀರು ಕುಡದಿರ್ತೈತಿ," ಎಂದರು ಡಾಕ್ಟರಮ್ಮ. ಆಮೇಲೆ ಅವನ ತುಟಿಯ ಅಂಚಿನ ತಂಬಾಕು ನೋಡಿ ಕೇಳಿದರು: "ದಿನಾ ಬಾಯಾಗ ಹಾಕ್ಕೊಂತೀರಲ್ಲ, ಒಂದಿನಾರ ಬಾಯಿ ಕುದ್ದೈತೇನ್ರಿ?"

ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ನಲವತ್ತು ವರ್ಷ ಒದ್ದೆ ನಾಲಿಗೆಯ ಮೇಲೆ ಅದೇ ಸುಣ್ಣ ಇಟ್ಟುಕೊಂಡಿದ್ದ. ಒಂದು ದಿನವೂ ಯೋಚಿಸಿರಲಿಲ್ಲ. ತಬ್ರೇಜ ಅಪ್ಪನ ಮುಖವನ್ನೂ ನೋಡದೆ ಹೊರಗೆ ಹೋದ.

ಬಲಗಣ್ಣು ಹೋಯಿತು ಎಂದರು. ಎಡಗಣ್ಣನ್ನು ಆಗಾಗ ತೊಳೆಯುತ್ತಲೇ ಇರಬೇಕು, ಉಳಿದರೆ ಉಳಿಯಬಹುದು.

ನರ್ಸ್ ನೀರಿನ ನಳಿಕೆ ತಂದಳು. ಕೂಸು ತಾಯಿಯ ತೊಡೆಯ ಮೇಲೆ ಕೊಸರಾಡಿತು, ಎರಡೂ ಕೈ ಕಣ್ಣಿಗೆ ಹೋಗುತ್ತಿದ್ದವು. ಬಾಬುಲಾಲ ಗೋಡೆಗೆ ಆತು ನಿಂತಿದ್ದ.

"ಮಾವಾ, ಇವನ ಕೈ ಹಿಡಕೋರಿ," ಎಂದಳು ಶಾಹಿಸ್ತಾ.

ಅವನು ಹತ್ತಿರ ಬಂದ. ಮಣಿಕಟ್ಟು ಹಿಡಿಯಲು ಬೆರಳುಗಳು ಏಳಲಿಲ್ಲ. "ಸುಡತೈತೇನ್ರಿ ಅವಗ?" ಎಂದು ನರ್ಸನ್ನು ಕೇಳಿದ.

ಶಾಹಿಸ್ತಾ ಮೊದಲ ಸಲ ಮಾವನ ಮುಖ ದಿಟ್ಟಿಸಿ ನೋಡಿದಳು.

"ನೀರ್ರಿ ಮಾವಾ," ಎಂದಳು. "ಬರೇ ನೀರು."